ಸಂಜೆ ಕ್ಲಾಸಿನ ಲೆಕ್ಕದ ಪುಸ್ತಕ

ರಾಮನಗರದ ನಮ್ಮ ಮೊಹಲ್ಲಾದಲ್ಲಿ ಸಂಜೆ ಐದರಿಂದ ಏಳರವರೆಗೆ ಶಾಲೆ ಮಕ್ಕಳಿಗೆ ಒಂದು ಕ್ಲಾಸ್ ನಡೆಯುತ್ತದೆ. ಜಾಗ, ಶಾದಿ ಮಹಲಿನ ಊಟದ ಹಾಲ್. ಅದಕ್ಕೆ ಬೋರ್ಡ್ ಇಲ್ಲ, ಹೆಸರೂ ಇಲ್ಲ. ನಮ್ಮ ಮಕ್ಕಳು ‘ಶಾಮ್ ಕಿ ಕ್ಲಾಸ್’ ಎನ್ನುತ್ತಾರೆ, ಪಕ್ಕದ ಬೀದಿಯಿಂದ ಬರುವವರು ‘ಸಂಜೆ ಕ್ಲಾಸ್’ ಎನ್ನುತ್ತಾರೆ. ನಾನು ಮೊದಲ ಪಿಯುಸಿಗೆ ಸೇರಿದ ತಿಂಗಳಲ್ಲೇ ಅದರ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡ ಕಾರಣವೇನಿಲ್ಲ. ನಾನು ಕಾಮರ್ಸ್ ತಗೊಂಡಿದ್ದೇನೆ ಎಂದು ಅಮ್ಮಿ ಸಿಕ್ಕವರಿಗೆಲ್ಲ ಹೇಳಿದ್ದರು, ಅಷ್ಟೇ.

ಈಗ ಒಂದೂಕಾಲು ವರ್ಷವಾಯಿತು. ದಪ್ಪ ರಟ್ಟಿನ ಒಂದು ನೋಟ್‌ಬುಕ್ ಮುಗಿದು ಎರಡನೆಯದು ನಡೆಯುತ್ತಿದೆ. ನಮ್ಮ ಕಾಲೇಜಿನಲ್ಲಿ ಎಷ್ಟೋ ಜನ ತಮ್ಮ ಬೀದಿಯಲ್ಲೂ ಇಂಥದ್ದೊಂದು ಶುರು ಮಾಡಬೇಕು ಎನ್ನುತ್ತಾರೆ, ಆಮೇಲೆ ‘ದುಡ್ಡು ಎಲ್ಲಿಂದ?’ ಎಂದು ಕೇಳುತ್ತಾರೆ. ನಮ್ಮ ಅನುಭವದಲ್ಲಿ ದುಡ್ಡು ಬರುತ್ತದೆ. ಯಾವ ದುಡ್ಡು ಯಾವುದಕ್ಕೆ ಬರುತ್ತದೆ ಎನ್ನುವಲ್ಲೇ ತೊಂದರೆ. ಅದನ್ನೇ ಬರೆಯೋಣ ಅಂತ.

ಮೊದಲು ನಮ್ಮ ಊರಿಗೆ ಈ ಸಂಜೆಯ ಎರಡು ಗಂಟೆ ಯಾಕೆ ಬೇಕು ಎಂದು ಹೇಳಬೇಕು. ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂದು ಎಲ್ಲ ಕಡೆ ಓದಿರುತ್ತೀರಿ. ರೈತರು ಗೂಡು ತರುತ್ತಾರೆ, ರೀಲರ್‌ಗಳು ಹರಾಜಿನಲ್ಲಿ ಕೊಂಡು ಮನೆ ಪಕ್ಕದ ಶೆಡ್ಡುಗಳಲ್ಲಿ ನೂಲು ತೆಗೆಯುತ್ತಾರೆ. ರೀಲರ್‌ಗಳಲ್ಲಿ, ಅವರ ಹತ್ತಿರ ಕೆಲಸ ಮಾಡುವವರಲ್ಲಿ ನಮ್ಮ ಜನ ಬಹಳ. ನನ್ನ ನಾನಾ ಚರಕದ ಕಾಲದವರು. ಒಬ್ಬರು ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹಿಡಿದರೆ ಇನ್ನೊಬ್ಬರು ಚಕ್ರ ತಿರುಗಿಸಬೇಕು. ಆ ತಿರುಗಿಸುವ ಕೆಲಸ ಹೆಚ್ಚಾಗಿ ಚಿಕ್ಕವರ ಪಾಲಿಗೆ. ನಾನಾ ಎಂಟು ವರ್ಷಕ್ಕೆ ತಿರುಗಿಸಲು ಕೂತವರು, ಆಮೇಲೆ ನೀರಿಗೆ ಕೈ ಹಾಕಿದವರು. ಕೊನೆಗಾಲದಲ್ಲಿ ಅವರ ಬೆರಳಿಗೆ ಚಹಾ ಲೋಟದ ಬಿಸಿಯೂ ಗೊತ್ತಾಗುತ್ತಿರಲಿಲ್ಲ. ನಾವು ಬಟ್ಟೆ ಸುತ್ತಿ ಹಿಡಿಯುವ ಲೋಟವನ್ನು ಅವರು ಬರಿಗೈಯಲ್ಲಿ ಹಿಡಿದು ‘ಕ್ಯಾ ಹುವಾ?’ ಎಂದು ನಗುತ್ತಿದ್ದರು.

ಈಗ ಆ ಕಾಲ ಅಲ್ಲ. ಚರಕ ಕಡಿಮೆಯಾಗಿದೆ, ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡರೆ ಕೇಸು ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿದೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಒಂದು ವರದಿ ತಂದಿತ್ತು. ಅದರಲ್ಲಿ ಕರ್ನಾಟಕವೂ ಇದೆ. ಆ ನಂತರ ಬಹಳ ಬದಲಾಗಿದೆ ಎಂದು ಅಬ್ಬಾ ಹೇಳುತ್ತಾರೆ, ಅದು ನಿಜವೇ. ಆದರೆ ಕಾನೂನಿನಲ್ಲೇ ಒಂದು ಬಾಗಿಲು ಇದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದಾಗ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದರು. ಜೊತೆಗೇ, ಅಪಾಯವಿಲ್ಲದ ಮನೆಯ ಉದ್ಯಮವಾದರೆ ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಮಕ್ಕಳು ಮನೆಯವರಿಗೆ ನೆರವಾಗಬಹುದು ಎಂದೂ ಬರೆದರು. ‘ಶಾಲೆ ಬಿಟ್ಟ ಮೇಲೆ’ ಎಂದರೆ ಸಂಜೆ ನಾಲ್ಕೂವರೆಯಿಂದ. ಓದಲೂ ಅದೇ ಹೊತ್ತು, ಕೆಲಸಕ್ಕೂ ಅದೇ ಹೊತ್ತು. ಮಗು ಆ ಹೊತ್ತಿನಲ್ಲಿ ಎಲ್ಲಿರುತ್ತದೆ ಎನ್ನುವುದರ ಮೇಲೆ ಹತ್ತನೇ ಕ್ಲಾಸಿನ ರಿಸಲ್ಟ್ ನಿಂತಿರುತ್ತದೆ ಎಂದು ನನ್ನ ಅನಿಸಿಕೆ.

ಇನ್ನೊಂದು ಕಾರಣ ಭಾಷೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಉರ್ದು ಮೀಡಿಯಂ ಮಕ್ಕಳಿಗೆ ಕನ್ನಡ ಶಾಲೆಯಲ್ಲಿ ಒಂದು ಪೀರಿಯಡ್, ಆಮೇಲೆ ಅಂಗಡಿಯಲ್ಲಿ ನಾಲ್ಕು ಮಾತು. ಒತ್ತಕ್ಷರ ಬರೆಯುವಾಗ ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲ. ಕನ್ನಡ ಮೀಡಿಯಂ ಸೇರಿದವರಿಗೆ ಇದೇ ಕಷ್ಟ ಎಲ್ಲ ವಿಷಯದಲ್ಲೂ. ನನಗೆ ಕನ್ನಡ ಸರಿಯಾಗಿ ಬಂದದ್ದೇ ಈ ಕ್ಲಾಸಿನ ಮೇಷ್ಟ್ರಿಂದ. ಅವರು ಪಕ್ಕದ ಬೀದಿಯವರು, ಸರ್ಕಾರಿ ಶಾಲೆಯಲ್ಲಿ ಇದ್ದು ನಿವೃತ್ತರಾದವರು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಸರ್ಕಾರ ‘ವಿದ್ಯಾಗಮ’ ಶುರು ಮಾಡಿತ್ತು, ನೆನಪಿದೆಯಲ್ಲ? ಮರದ ಕೆಳಗೆ, ಗುಡಿಯ ಜಗಲಿಯಲ್ಲಿ, ಮಸೀದಿ ಅಂಗಳದಲ್ಲಿ ಟೀಚರ್‌ಗಳು ಬಂದು ಪಾಠ ಹೇಳುತ್ತಿದ್ದರು. ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ನಮ್ಮಲ್ಲಿ ಪಾಠ ನಿಂತರೂ ಮಕ್ಕಳು ಸೇರುವ ಅಭ್ಯಾಸ ನಿಲ್ಲಲಿಲ್ಲ. ಮೇಷ್ಟ್ರು ತಮ್ಮ ಮನೆ ಜಗಲಿಯಲ್ಲಿ ಐದಾರು ಮಕ್ಕಳನ್ನು ದೂರ ದೂರ ಕೂರಿಸಿಕೊಂಡು ಕಾಗುಣಿತ ಬರೆಸುತ್ತಿದ್ದರು. ಜಗಲಿ ಸಾಲದಾದಾಗ ಶಾದಿ ಮಹಲಿನ ಕಮಿಟಿಯವರು ಊಟದ ಹಾಲ್ ಬಿಟ್ಟುಕೊಟ್ಟರು. ಬಾಡಿಗೆ ಬೇಡ, ಕರೆಂಟ್ ಬಿಲ್ ಮಾತ್ರ ನೀವೇ ಕಟ್ಟಿಕೊಳ್ಳಿ ಎಂದರು. ಮದುವೆ ಇದ್ದ ದಿನ ಕ್ಲಾಸ್ ಮತ್ತೆ ಮೇಷ್ಟ್ರ ಜಗಲಿಗೆ. ಆ ದಿನಗಳಲ್ಲಿ ಮಕ್ಕಳ ಮನಸ್ಸೆಲ್ಲ ಬಿರಿಯಾನಿ ವಾಸನೆ ಬರುವ ಕಡೆಗೇ, ಪಾಠ ಅಷ್ಟಕ್ಕಷ್ಟೇ.

ಈಗ 38 ಮಕ್ಕಳು, ನಾಲ್ಕರಿಂದ ಹತ್ತನೇ ಕ್ಲಾಸಿನವರೆಗೆ. ಇಬ್ಬರು ಡಿಗ್ರಿ ಓದುವ ಅಕ್ಕಂದಿರು ಗಣಿತ, ವಿಜ್ಞಾನ ನೋಡಿಕೊಳ್ಳುತ್ತಾರೆ. ಮೇಷ್ಟ್ರದು ಕನ್ನಡ, ಅವರು ದುಡ್ಡು ಮುಟ್ಟುವುದಿಲ್ಲ. ಮಗ್ರಿಬ್‌ಗೆ ಕಾಲು ಗಂಟೆ ಬಿಡುವು, ಆಗ ಪಕ್ಕದ ಬೀದಿಯ ಮಕ್ಕಳು ಬೋರ್ಡಿನ ಮೇಲೆ ಚಿತ್ರ ಬರೆಯುತ್ತಾರೆ. ಕಳೆದ ಜೂನ್‌ನಲ್ಲಿ ನನ್ನ ಪುಸ್ತಕದ ಪ್ರಕಾರ ತಿಂಗಳ ಖರ್ಚು ಹೀಗಿತ್ತು: ಅಕ್ಕಂದಿರಿಗೆ ತಲಾ 2,500ರಂತೆ 5,000, ಮಕ್ಕಳ ಉಸ್ಲಿ, ಬಾಳೆಹಣ್ಣಿಗೆ 3,900, ಕರೆಂಟ್ 450, ಗುಡಿಸಿ ಒರೆಸುವ ಖಾಲಾಗೆ 600, ಚಾಕ್‌ಪೀಸ್, ಜೆರಾಕ್ಸ್ 350. ಒಟ್ಟು 10,300. ಒಂದು ಮಗುವಿಗೆ ತಿಂಗಳಿಗೆ 271 ರೂಪಾಯಿ, ದಿನಕ್ಕೆ ಹತ್ತು ರೂಪಾಯಿ ಚಿಲ್ಲರೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ ಆಗುತ್ತದೆ ಅಷ್ಟಕ್ಕೆ.

ಇಷ್ಟು ಚಿಕ್ಕ ಮೊತ್ತ ಒಟ್ಟು ಮಾಡುವುದು ಸುಲಭ ಎಂದು ನಾನೂ ಅಂದುಕೊಂಡಿದ್ದೆ. ಪುಸ್ತಕ ಬರೆಯುತ್ತಾ ಬಂದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಕೊಡುವವರಿಗೆ ಮಗುವಿನ ಕೈಗೆ ಹೋಗುವ ವಸ್ತು ಬೇಕು. ಬ್ಯಾಗು, ಜಾಮಿಟ್ರಿ ಬಾಕ್ಸು, ನೋಟ್‌ಬುಕ್ಕು. ನಮ್ಮ ಖರ್ಚಿನ ಪಟ್ಟಿಯಲ್ಲಿ ಇರುವುದು ಸಂಬಳ, ಕರೆಂಟು, ಕಸಪೊರಕೆ. ಕರೆಂಟ್ ಬಿಲ್ ಹಿಡಿದುಕೊಂಡು ಯಾರು ಫೋಟೊ ತೆಗೆಸಿಕೊಳ್ಳುತ್ತಾರೆ?

ಹೋದ ವರ್ಷ ಒಂದು ಕಂಪನಿಯವರು ಬಂದಿದ್ದರು. ಹೆಸರು ಬೇಡ. ಸಿಎಸ್‌ಆರ್ ಬಗ್ಗೆ ಕಾಮರ್ಸ್‌ನವರಿಗೆ ಗೊತ್ತಿರುತ್ತದೆ, ಬೇರೆ ವಿಭಾಗದವರಿಗಾಗಿ ಹೇಳುತ್ತೇನೆ. 2013ರ ಕಂಪನಿಗಳ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಬಂದವರು 50 ಬ್ಯಾಗು ತಂದರು. ನಮ್ಮಲ್ಲಿ 38 ಮಕ್ಕಳು. ಫೋಟೊದಲ್ಲಿ 50 ಬೇಕಿತ್ತು. ಆಟ ಆಡುತ್ತಿದ್ದ ಹನ್ನೆರಡು ಮಕ್ಕಳನ್ನು ಬೀದಿಯಿಂದ ಕರೆತಂದು ನಿಲ್ಲಿಸಿದೆವು. ಅವರಿಗೂ ಬ್ಯಾಗ್ ಸಿಕ್ಕಿತು, ಅದರಲ್ಲಿ ನಾಲ್ಕು ಮಂದಿ ಮರುದಿನದಿಂದ ಕ್ಲಾಸಿಗೂ ಬಂದರು, ಹಾಗಾಗಿ ನಾನು ಪೂರ್ತಿ ದೂರುವುದಿಲ್ಲ. ಬ್ಯಾಗಿನ ಬೆಲೆ ಚೀಟಿಯಲ್ಲಿ 600 ಎಂದಿತ್ತು. ಐವತ್ತಕ್ಕೆ 30,000. ನಮ್ಮ ಮೂರು ತಿಂಗಳ ಖರ್ಚಿಗೆ ಒಂಬೈನೂರು ಕಡಿಮೆ.

ಮುತವಲ್ಲಿ ಸಾಹೇಬರು ಮೆಲ್ಲಗೆ ಕೇಳಿದರು, ಮುಂದಿನ ಸಲ ಬ್ಯಾಗಿನ ಬದಲು ಟೀಚರ್ ಸಂಬಳಕ್ಕೆ ಕೊಡಬಹುದಾ ಎಂದು. ಬಂದವರು ಒಳ್ಳೆಯ ಮಾತಿನಲ್ಲೇ ವಿವರಿಸಿದರು. ಪ್ರತಿ ತಿಂಗಳು ಬರುವ ಖರ್ಚು ತಮ್ಮ ಪಾಲಿಸಿಯಲ್ಲಿ ಇಲ್ಲ; ಇದ್ದರೂ ನಿಮ್ಮದು ನೋಂದಾಯಿತ ಟ್ರಸ್ಟ್ ಅಥವಾ ಸೊಸೈಟಿ ಆಗಿರಬೇಕು, 12ಎ ಮತ್ತು 80ಜಿ ಇರಬೇಕು, ಸಿಎಸ್‌ಆರ್–1 ಫಾರಂ ತುಂಬಿರಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು. ನಮ್ಮ ಹತ್ತಿರ ಇದ್ದದ್ದು ನನ್ನ ನೋಟ್‌ಬುಕ್. ನಿಯಮ ಇರುವುದು ಕಳ್ಳ ಸಂಸ್ಥೆಗಳನ್ನು ತಡೆಯುವುದಕ್ಕೆ, ಅದು ಸರಿಯೇ. ಆದರೆ ಕಾಗದ ಮಾಡಿಸಿಕೊಳ್ಳಲು ಶಕ್ತಿ ಇರುವವರಿಗೇ ಆ ಶೇಕಡಾ 2 ಸಿಗುತ್ತದೆ, ಊಟದ ಹಾಲಿನಲ್ಲಿ ನಡೆಯುವ ಕ್ಲಾಸಿಗೆ ಬ್ಯಾಗು ಸಿಗುತ್ತದೆ. ಕರೆಂಟ್ ಬಿಲ್ಲಿಗೆ ಗೃಹಜ್ಯೋತಿಯೂ ಇಲ್ಲ. ಅದು ಮನೆಗಳಿಗೆ, ನಮ್ಮದು ಹಾಲ್.

ಇನ್ನು ಝಕಾತ್. ಇದು ನಮ್ಮ ಓದುಗರಲ್ಲಿ ಬಹುತೇಕರಿಗೆ ಗೊತ್ತು, ಗೊತ್ತಿಲ್ಲದ ಗೆಳೆಯ ಗೆಳತಿಯರಿಗಾಗಿ ಎರಡು ಮಾತು. ನಿಸಾಬ್ ಎನ್ನುವ ಮಿತಿ ದಾಟಿದ ಸಂಪತ್ತು ಒಂದು ವರ್ಷ ಕೈಯಲ್ಲಿದ್ದರೆ ಅದರಲ್ಲಿ ಶೇಕಡಾ 2.5ರಷ್ಟನ್ನು ಕೊಡುವುದು ಕಡ್ಡಾಯ. ಯಾರಿಗೆ ಕೊಡಬೇಕು ಎಂದು ಕುರ್‌ಆನಿನ ಸೂರಃ ತೌಬಾದ 60ನೇ ಆಯತ್‌ನಲ್ಲಿ ಎಂಟು ವರ್ಗಗಳನ್ನು ಹೇಳಿದೆ. ಹೆಚ್ಚಿನವರು ರಂಜಾನ್ ತಿಂಗಳಲ್ಲಿ ಕೊಡುತ್ತಾರೆ. ಈ ವರ್ಷ ರಂಜಾನಿನಲ್ಲಿ ನಮ್ಮ ಕ್ಲಾಸಿನ ಬಡ ಮಕ್ಕಳಿಗಾಗಿ ಎಂದು ಚೆನ್ನಾಗಿಯೇ ಬಂತು. ಜೂನ್ ಮೊದಲ ವಾರ ನನ್ನ ಪುಸ್ತಕದಲ್ಲಿ ಝಕಾತ್ ಕಾಲಂನಲ್ಲಿ 41,000 ಉಳಿದಿತ್ತು. ಪಕ್ಕದ ಸಾಮಾನ್ಯ ಕಾಲಂನಲ್ಲಿ 1,140. ಅಕ್ಕಂದಿರಿಗೆ ಎರಡು ತಿಂಗಳ ಬಾಕಿ, 10,000.

ಎರಡು ಕಾಲಂ ಯಾಕೆಂದರೆ, ನಮ್ಮ ಮೊಹಲ್ಲಾ ಹನಫಿ ಪದ್ಧತಿಯದು. ಆ ಪ್ರಕಾರ ಝಕಾತ್ ಪಡೆಯಲು ಅರ್ಹನಾದ ಬಡವನನ್ನು ಆ ಹಣದ ಮಾಲೀಕನನ್ನಾಗಿ ಮಾಡಬೇಕು. ತಮ್ಲೀಕ್ ಎನ್ನುತ್ತಾರೆ. ಬಲ್ಬಿಗೆ, ಕಟ್ಟಡಕ್ಕೆ, ಟೀಚರ್ ಸಂಬಳಕ್ಕೆ ಅದನ್ನು ನೇರವಾಗಿ ಹಾಕುವಂತಿಲ್ಲ. ಪಕ್ಕದ ಬೀದಿಯ ಮಕ್ಕಳ ಖರ್ಚಿಗೂ ಅದು ಆಗುವುದಿಲ್ಲ. ಸದಕಾ ಆದರೆ ಯಾರಿಗೂ ಕೊಡಬಹುದು. ಬೇರೆ ಉಲಮಾಗಳಲ್ಲಿ ಬೇರೆ ಅಭಿಪ್ರಾಯಗಳಿವೆ, ಎಂಟು ವರ್ಗಗಳಲ್ಲಿ ‘ಅಲ್ಲಾಹನ ಮಾರ್ಗದಲ್ಲಿ’ ಎಂಬುದನ್ನು ವಿಶಾಲವಾಗಿ ತೆಗೆದುಕೊಳ್ಳುವವರಿದ್ದಾರೆ. ನಾವು ನಮ್ಮ ಹಜರತ್ ಹೇಳಿದ್ದನ್ನು ಕೇಳುತ್ತೇವೆ. ಹಾಗಾಗಿ 41,000 ರೂಪಾಯಿ ಪೆಟ್ಟಿಗೆಯಲ್ಲಿ ಇದೆ, ಆದರೂ ಗಣಿತದ ಅಕ್ಕ ಗಾರ್ಮೆಂಟ್ಸ್‌ಗೆ ಹೋಗುವ ಯೋಚನೆ ಮಾಡುತ್ತಿದ್ದಾರೆ. ದುಡ್ಡಿದ್ದೂ ದುಡ್ಡಿಲ್ಲ. ಅಕೌಂಟೆನ್ಸಿಯಲ್ಲಿ ಇದಕ್ಕೆ ‘ನಿರ್ಬಂಧಿತ ನಿಧಿ’ ಎನ್ನಬಹುದು, ಅಮ್ಮಿ ಇದಕ್ಕೆ ‘ಪರಾಯಾ ಪೈಸಾ’ ಎಂದರು. ಪರರ ದುಡ್ಡು. ಅಮ್ಮಿಯ ಮಾತೇ ಹೆಚ್ಚು ಸರಿ.

ಜೂನ್ ಎರಡನೇ ಭಾನುವಾರ ಸಭೆ ಸೇರಿತು. ಸಾಮಾನ್ಯ ಕಾಲಂ ಬರಿದಾಗಲು ಕಾರಣವಿತ್ತು. ಅದಕ್ಕೆ ಬರುತ್ತಿದ್ದುದು ತಿಂಗಳಿಗೊಂದು ಶುಕ್ರವಾರದ ಪೆಟ್ಟಿಗೆ, ಸುಮಾರು 2,500. ಉಳಿದದ್ದು ಮೂರ್ನಾಲ್ಕು ರೀಲರ್ ಚಾಚಾಗಳು ಕೊಡುವುದು. ನೂಲಿನ ದರ ಇದ್ದ ವಾರ ಒಬ್ಬರೇ ಮೂರು ಸಾವಿರ ಕೊಡುತ್ತಾರೆ. ದರ ಬಿದ್ದರೆ ಕಣ್ಣು ತಪ್ಪಿಸಿ ಹೋಗುತ್ತಾರೆ, ಪಾಪ. ರಂಜಾನ್ ಆದ ಮೇಲೆ ಬೇರೆಯವರನ್ನು ಕೇಳಿದರೆ ‘ರಂಜಾನಿನಲ್ಲಿ ಕೊಟ್ಟೆವಲ್ಲ’ ಎನ್ನುತ್ತಾರೆ. ಅದೂ ನಿಜವೇ.

ಸಭೆಯಲ್ಲಿ ಒಬ್ಬರು, ಸದ್ಯಕ್ಕೆ ಝಕಾತ್ ಹಣದಿಂದ ಬಾಕಿ ತೀರಿಸಿ, ಪುಸ್ತಕದಲ್ಲಿ ಸಾಲ ಅಂತ ಬರೆದುಕೊಳ್ಳಿ ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ‘ಆ ಸಾಲವನ್ನು ಯಾರು ಯಾವಾಗ ತೀರಿಸುತ್ತಾರೆ, ಆ ಹೆಸರು ಹೇಳಿ, ಬರೆಯುತ್ತೇನೆ’ ಎಂದೆ. ಯಾರೂ ಹೇಳಲಿಲ್ಲ. ಇನ್ನೊಬ್ಬರು ಬೇರೆ ದಾರಿ ತೋರಿಸಿದರು. ಬಡ ತಂದೆತಾಯಿಗೆ ಝಕಾತ್ ಕೈಗೆ ಕೊಡೋಣ, ಅವರು ಅದರಲ್ಲೇ ನಮಗೆ ಫೀಸು ಕಟ್ಟಲಿ, ಆಗ ಲೆಕ್ಕ ಸರಿಹೋಗುತ್ತದಲ್ಲ? ಇದು ಬುದ್ಧಿವಂತಿಕೆಯ ಮಾತು ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಹಜರತ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊಟ್ಟ ಮೇಲೆ ಅದು ಅವರದು, ಫೀಸು ಕಟ್ಟಿದರೂ ಅವರಿಷ್ಟ, ಅಕ್ಕಿ ತಂದರೂ ಅವರಿಷ್ಟ. ಹಿಂದಕ್ಕೆ ಕೊಡಲೇಬೇಕು ಎಂದು ಮೊದಲೇ ಮಾತಾಡಿಕೊಂಡು ಕೊಟ್ಟರೆ ಅದು ಕೊಟ್ಟಂತೆ ಆಗಲಿಲ್ಲ, ಅವರ ಕೈಯನ್ನು ನಾವು ದಾರಿಯಾಗಿ ಬಳಸಿದಂತೆ ಎಂದರು. ಮೇಷ್ಟ್ರಿಗೆ ಈ ಮಾತು ಬಹಳ ಹಿಡಿಸಿತು. ‘ಸ್ವಾಮಿ, ನೀವು ಹೇಳಿದ್ದು ಲಕ್ಷ ರೂಪಾಯಿ ಮಾತು. ಆದರೆ ನಮಗೆ ಬೇಕಾಗಿರುವುದು ಹತ್ತು ಸಾವಿರ, ಅದಕ್ಕೊಂದು ದಾರಿ ಹೇಳಿ’ ಎಂದರು. ಹಜರತ್ ಕೂಡ ನಕ್ಕರು.

ಅವರಿಬ್ಬರ ಬಗ್ಗೆ ಒಂದು ಮಾತು ಹೇಳಲೇಬೇಕು. ಮೇಷ್ಟ್ರು ಮಾತೆತ್ತಿದರೆ 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದ್ದನ್ನು ಹೇಳುತ್ತಾರೆ. ಹಜರತ್ ಬಿಡುತ್ತಾರಾ, 1919ರಲ್ಲಿ ಭಟ್ಕಳದಲ್ಲಿ ಶುರುವಾದ ಅಂಜುಮನ್, 1966ರಲ್ಲಿ ಬೆಂಗಳೂರಿನಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಕಟ್ಟಿದ ಅಲ್ ಅಮೀನ್. ಇಬ್ಬರೂ ಸೇರಿದರೆ ಅರ್ಧ ಗಂಟೆ ಇದೇ. ಆ ಸಂಸ್ಥೆಗಳ ಮೊದಲ ವರ್ಷದ ಲೆಕ್ಕದ ಪುಸ್ತಕ ಯಾರು ಬರೆದಿರಬಹುದು ಎಂದು ನಾನು ಯೋಚಿಸುತ್ತಾ ಕೂತಿರುತ್ತೇನೆ.

ದಾರಿ ತೋರಿಸಿದ್ದು ಪಕ್ಕದ ಬೀದಿಯ ಸ್ತ್ರೀಶಕ್ತಿ ಸಂಘದ ಅಕ್ಕ. ಅವರ ಇಬ್ಬರು ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಅವರು ಓದಿರುವುದು ಏಳನೇ ಕ್ಲಾಸು, ಆದರೆ ಹದಿನೈದು ವರ್ಷದಿಂದ ಸಂಘದ ಲೆಕ್ಕ ನೋಡಿದವರು. ‘ಒಬ್ಬರ ಹತ್ರ ಮೂರು ಸಾವಿರ ಕೇಳಬೇಡಿ, ನೂರು ಜನರ ಹತ್ರ ನೂರು ನೂರು ಕೇಳಿ. ಒಬ್ಬರು ಬಿಟ್ಟರೆ ಮುಳುಗೋದಿಲ್ಲ’ ಎಂದರು. 10,300ಕ್ಕೆ 103 ಮನೆ. ಯಾವ ಷರತ್ತೂ ಇಲ್ಲದ ನೂರು ರೂಪಾಯಿ, ಎರಡೂ ಬೀದಿಯಿಂದ. ಅದು ಬಲ್ಬಿಗೂ ಆಗುತ್ತದೆ, ಸಂಬಳಕ್ಕೂ ಆಗುತ್ತದೆ, ಯಾವ ಮಗುವಿಗೂ ಆಗುತ್ತದೆ. ಅದೇ ದಿನ ಹಾಲಿನಲ್ಲಿದ್ದ ಹತ್ತೊಂಬತ್ತು ಮಂದಿ ಹೆಸರು ಬರೆಸಿದರು. ಮರುದಿನ ಮುತವಲ್ಲಿ ಸಾಹೇಬರು ತಮ್ಮ ಕೈಯಿಂದ ಅಕ್ಕಂದಿರಿಗೆ ಒಂದು ತಿಂಗಳ ಬಾಕಿ ಕೊಟ್ಟರು. ಇನ್ನೊಂದು ತಿಂಗಳದು ಆಗಸ್ಟ್‌ನಲ್ಲಿ ತೀರಿತು. ಗಣಿತದ ಅಕ್ಕ ಉಳಿದರು.

ಆ ಸಂಘದ ಅಕ್ಕನಿಂದ ನಾನು ಇನ್ನೂ ಒಂದು ಕಲಿತೆ, ಅದು ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ. ನಾನು ಪುಸ್ತಕವನ್ನು ಚೆನ್ನಾಗಿ ಬರೆಯುತ್ತಿದ್ದೆ, ಎಡಕ್ಕೆ ಬಂದದ್ದು ಬಲಕ್ಕೆ ಹೋದದ್ದು, ಕೆಂಪು ಗೆರೆ ಎಲ್ಲ. ಅಕ್ಕ ಪುಟ ತಿರುವಿ, ‘ಬರೆದಿದ್ದೀಯ ಸರಿ, ಓದಿ ಹೇಳಿದ್ದೀಯಾ?’ ಎಂದು ಕೇಳಿದರು. ಅವರ ಸಂಘದಲ್ಲಿ ಪ್ರತಿ ವಾರ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಾರೆ, ಕೇಳಿದವರು ಸಹಿ ಹಾಕುತ್ತಾರೆ, ಬಾರದವರು ಹೆಬ್ಬೆಟ್ಟು. ಈಗ ನಾವೂ ತಿಂಗಳ ಮೊದಲ ಭಾನುವಾರ ಓದುತ್ತೇವೆ. ಪುಸ್ತಕ ಕನ್ನಡದಲ್ಲಿದೆ, ಯಾಕೆಂದರೆ ಮೇಷ್ಟ್ರು, ಅಕ್ಕ, ನಗರಸಭೆಯವರು ಯಾರು ಬೇಕಾದರೂ ನೋಡುವಂತಿರಬೇಕು. ಓದುವಾಗ ಒಂದು ಸಾಲು ಕನ್ನಡದಲ್ಲಿ, ಅದೇ ಸಾಲು ನಮ್ಮ ಉರ್ದುವಿನಲ್ಲಿ. ಹೀಗೆ ಓದುವುದರಿಂದ ಸಭೆ ಉದ್ದವಾಗುತ್ತದೆ, ಆದರೆ ಹೆಂಗಸರು ಪ್ರಶ್ನೆ ಕೇಳತೊಡಗಿದ್ದು ಆಮೇಲೆಯೇ. ಮೊದಲ ಪ್ರಶ್ನೆಯೇ ಉಸ್ಲಿಯದು. ಕಡಲೆಕಾಳನ್ನು ಚಿಲ್ಲರೆ ಅಂಗಡಿಯಲ್ಲಿ ಯಾಕೆ ತರುತ್ತೀರಿ, ಮಂಡಿಯಲ್ಲಿ ತರಬಾರದಾ?

ಅಲ್ಲಿಂದಲೇ ಮುಠ್ಠಿ ಅಕ್ಕಿ ಬಂತು. ದಿನಾ ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ಡಬ್ಬಿಗೆ ಹಾಕಿಡುವುದು. ಹಳೆಯ ಪದ್ಧತಿ, ನಾನಿಯ ಕಾಲದಲ್ಲಿ ಮದರಸಾಗೆ ಹೀಗೆ ಕೊಡುತ್ತಿದ್ದರಂತೆ. ಪಕ್ಕದ ಬೀದಿಯವರಲ್ಲೂ ಮುಷ್ಟಿ ಅಕ್ಕಿ ಎಂಬ ಮಾತಿದೆ. ಗುರುವಾರ ಇಬ್ಬರು ಹುಡುಗರು ಚೀಲ ಹಿಡಿದು ಮನೆಮನೆಗೆ ಹೋಗುತ್ತಾರೆ. ಒಂದೊಂದು ಮನೆಯ ಅಕ್ಕಿ ಒಂದೊಂದು ಬಗೆ, ರೇಷನ್ ಅಕ್ಕಿ, ಸೋನಾ ಮಸೂರಿ ಎಲ್ಲ ಬೆರೆತು ಅನ್ನ ಒಂದು ಕಡೆ ಮುದ್ದೆ ಒಂದು ಕಡೆ ಉದುರು. ಶನಿವಾರ ಅದರಲ್ಲಿ ಚಿತ್ರಾನ್ನ. ತಿಂಡಿಯಲ್ಲಿ ಮೊಟ್ಟೆಯೂ ಇಲ್ಲ, ಮಾಂಸವೂ ಇಲ್ಲ, ಅಡುಗೆ ಒಂದು ವಾರ ನಮ್ಮ ಬೀದಿಯಲ್ಲಿ, ಒಂದು ವಾರ ಅವರ ಬೀದಿಯಲ್ಲಿ. ಶುರುವಿನಲ್ಲಿ ಎರಡು ಮೂರು ಮಕ್ಕಳು ಡಬ್ಬಿ ತಂದು ಬೇರೆ ತಿನ್ನುತ್ತಿದ್ದರು. ಯಾರೂ ಏನೂ ಹೇಳಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಡಬ್ಬಿ ಬರುವುದು ನಿಂತಿತು. ತಿಂಡಿಯ ಖರ್ಚು 3,900ರಿಂದ 3,100ಕ್ಕೆ ಇಳಿದಿದೆ.

ದುಡ್ಡಿಲ್ಲದೆ ಆದ ಕೆಲಸಗಳೂ ಇವೆ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ. ಶಾದಿ ಮಹಲ್ ಹಿಂದಿನ ಗಲ್ಲಿಯಲ್ಲಿ ಬೀದಿದೀಪ ಇರಲಿಲ್ಲ. ಹೋದ ಡಿಸೆಂಬರ್‌ನಲ್ಲಿ ಒಂಬತ್ತು ಹುಡುಗಿಯರು ಬರುವುದನ್ನು ಬಿಟ್ಟರು. ಮನೆಯವರನ್ನು ಕೇಳಿದರೆ ‘ಪಾಠ ಚೆನ್ನಾಗಿದೆ, ದಾರಿ ಚೆನ್ನಾಗಿಲ್ಲ’ ಎಂದರು. ನಾನೂ ಅದೇ ಗಲ್ಲಿಯಲ್ಲಿ ಹೋಗುವವಳು, ಅವರ ಮಾತಿಗೆ ಎದುರಾಡಲು ಏನೂ ಇರಲಿಲ್ಲ. ನಗರಸಭೆಗೆ ಅರ್ಜಿ ಬರೆದೆವು, ಕನ್ನಡದಲ್ಲಿ, ಎರಡೂ ಬೀದಿಯವರ ಸಹಿ ಹಾಕಿಸಿ. ಎರಡನೇ ಅರ್ಜಿಗೆ ದೀಪ ಬಂತು. ಏಳು ಹುಡುಗಿಯರು ವಾಪಸ್ ಬಂದರು. ಆ ದೀಪ ನನ್ನ ಪುಸ್ತಕದಲ್ಲಿ ಎಲ್ಲೂ ಇಲ್ಲ, ಯಾವ ಕಾಲಂನಲ್ಲಿ ಬರೆಯುವುದು?

ಹಾಗೆಯೇ ಗ್ರಂಥಾಲಯ. ಮನೆ ಕಂದಾಯದ ರಸೀದಿ ಎಂದಾದರೂ ನೋಡಿದ್ದೀರಾ? ಅದರಲ್ಲಿ ಗ್ರಂಥಾಲಯ ಉಪಕರ ಎಂದು ಒಂದು ಸಾಲು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಕೆಳಗೆ ತೆರಿಗೆಯ ಮೇಲೆ ಶೇಕಡಾ 6. ಅಂದರೆ ಊರಿನ ಪ್ರತಿ ಮನೆಯೂ ಪುಸ್ತಕಕ್ಕಾಗಿ ಆಗಲೇ ದುಡ್ಡು ಕೊಟ್ಟಿದೆ. ಅಬ್ಬಾ ಇಷ್ಟು ವರ್ಷ ಕಟ್ಟಿದ್ದಾರೆ, ಮನೆಯಲ್ಲಿ ಒಬ್ಬರಿಗೂ ಲೈಬ್ರರಿ ಕಾರ್ಡ್ ಇರಲಿಲ್ಲ. ಈಗ ದೊಡ್ಡ ಮಕ್ಕಳಿಗೆ ಕಾರ್ಡ್ ಮಾಡಿಸುತ್ತಿದ್ದೇವೆ.

ಏಳನೇ ಕ್ಲಾಸಿನ ಒಬ್ಬ ಹುಡುಗನ ವಿಷಯ ಹೇಳದೆ ಇದು ಪೂರ್ತಿಯಾಗುವುದಿಲ್ಲ. ಅವರ ಮನೆ ಹಿಂದೆಯೇ ನೂಲು ತೆಗೆಯುವ ಶೆಡ್ಡು. ಲೆಕ್ಕದಲ್ಲಿ ಚುರುಕು, ಕನ್ನಡದಲ್ಲಿ ಒತ್ತಕ್ಷರ ಎಲ್ಲ ಬಿಟ್ಟು ಬರೆಯುತ್ತಾನೆ. ವಾರದಲ್ಲಿ ಎರಡು ದಿನ ಬಂದರೆ ಹೆಚ್ಚು. ಮೇಷ್ಟ್ರು ಮತ್ತು ನನ್ನ ಅಬ್ಬಾ ಅವನ ಮನೆಗೆ ಹೋದರು. ಅವನ ತಂದೆ ಕೋಪ ಮಾಡಿಕೊಳ್ಳಲಿಲ್ಲ. ‘ಸಂಜೆ ಇವನು ಇಲ್ಲದಿದ್ದರೆ ಒಬ್ಬ ಆಳು ಬೇಕು. ಆಳಿಗೆ ನಾನು ಎಲ್ಲಿಂದ ತರಲಿ? ನಿಮ್ಮ ಕ್ಲಾಸ್ ಕೊಡುತ್ತದಾ?’ ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮ 10,300ರಲ್ಲಿ ಉತ್ತರ ಇಲ್ಲ. ಝಕಾತ್‌ನ 41,000ದಲ್ಲಿ ಇತ್ತು. ಆ ಮನೆ ಅರ್ಹರ ಪಟ್ಟಿಯಲ್ಲಿ ಬರುತ್ತದೆ ಎಂದು ವಿಚಾರಿಸಿದ ಮೇಲೆ ಹಜರತ್ ಒಂದು ಮೊತ್ತವನ್ನು ಅವರ ಕೈಗೆ ಕೊಟ್ಟರು. ಹುಡುಗನನ್ನು ಕಳಿಸಿ ಎಂದು ಹೇಳಲಿಲ್ಲ. ಹೇಳಬಾರದು, ಅದು ಷರತ್ತಾಗುತ್ತದೆ. ನಾನು ಪುಸ್ತಕದಲ್ಲಿ ಮೊತ್ತ ಬರೆದೆ, ಹೆಸರಿನ ಜಾಗದಲ್ಲಿ ಬರೀ ನಂಬರ್. ಝಕಾತ್ ಕಾಲಂ ಓದುವಾಗ ಹೆಸರು ಓದುವುದಿಲ್ಲ. ಆ ವಾರ ಹುಡುಗ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಆಮೇಲೆ ಒಂದು ದಿನ ಐದೂ ಮುಕ್ಕಾಲಿಗೆ ಬಂದು ಹಿಂದೆ ಕೂತ. ಈಗ ದಿನಾ ಐದೂ ಮುಕ್ಕಾಲಿಗೇ ಬರುತ್ತಾನೆ, ಮೊದಲಿನ ಮುಕ್ಕಾಲು ಗಂಟೆ ಎಲ್ಲಿರುತ್ತಾನೆ ಎಂದು ಅವನ ಕೈ ನೋಡಿದರೆ ಗೊತ್ತಾಗುತ್ತದೆ. ಉಸ್ಲಿ ಆಗಲೇ ಹಂಚಿ ಮುಗಿದಿರುತ್ತದೆ. ಗುಡಿಸುವ ಖಾಲಾ ಅವನ ಪಾಲು ಮುಚ್ಚಿಟ್ಟಿರುತ್ತಾರೆ.

ಈ ತಿಂಗಳು ಓದಿದ ಲೆಕ್ಕ ಹೀಗಿದೆ. 103 ಮನೆಯಲ್ಲಿ ಇದುವರೆಗೆ 64 ಬಂದಿವೆ, 6,400. ಶುಕ್ರವಾರದ ಪೆಟ್ಟಿಗೆ 2,500. ಖರ್ಚು 9,500. ಕೊರತೆ 600, ಅದನ್ನು ಒಬ್ಬ ರೀಲರ್ ಚಾಚಾ ತುಂಬಿದರು, ನೂಲಿಗೆ ದರ ಇತ್ತು. ಟ್ರಸ್ಟ್ ನೋಂದಣಿಯ ಕಾಗದಕ್ಕೆ ಮುತವಲ್ಲಿ ಸಾಹೇಬರು ವಕೀಲರ ಹತ್ತಿರ ಹೋಗಿ ಬಂದಿದ್ದಾರೆ. ಟ್ರಸ್ಟಿಗಳಲ್ಲಿ ಮೇಷ್ಟ್ರು, ಸಂಘದ ಅಕ್ಕ ಇಬ್ಬರೂ ಇರಬೇಕೆಂದು ತೀರ್ಮಾನವಾಗಿದೆ. ಹೆಸರು ಏನಿಡಬೇಕೆಂದು ಮಾತ್ರ ಮೂರು ಸಭೆಯಿಂದ ಜಗಳ ನಡೆಯುತ್ತಿದೆ.

ಮಾರ್ಚ್‌ನಲ್ಲಿ ನನಗೆ ದ್ವಿತೀಯ ಪಿಯುಸಿ ಪರೀಕ್ಷೆ. ಜನವರಿಯಿಂದ ಪುಸ್ತಕವನ್ನು ಬೇರೆಯವರಿಗೆ ಕೊಡಬೇಕು. ಮೊದಲ ಪಿಯುಸಿ ಕಾಮರ್ಸ್‌ನವರು ಯಾರಾದರೂ ನಮ್ಮ ಕಡೆಯವರಿದ್ದರೆ ಒಂದು ಭಾನುವಾರ ಬಂದು ಓದುವುದನ್ನು ಕೇಳಿ. ಅಕ್ಷರ ದುಂಡಗಿರಬೇಕು ಅಂತೇನಿಲ್ಲ. ಪ್ರಶ್ನೆ ಕೇಳಿದಾಗ ಸಿಟ್ಟು ಬರಬಾರದು, ಮತ್ತು ಎರಡು ಕಾಲಂ ಯಾವತ್ತೂ ಬೆರೆಸಬಾರದು. ಎಂಟನೇ ಕ್ಲಾಸಿನವರಿಗೆ ಇಂಗ್ಲಿಷ್ ಹೇಳಿಕೊಡುವವರು ಕೂಡ ಬೇಕಾಗಿದ್ದಾರೆ, ಮಂಗಳವಾರ ಮತ್ತು ಗುರುವಾರ. ಸಂಬಳ ಇಲ್ಲ, ಉಸ್ಲಿ ಇದೆ.